ಸುಂಕದ ರಿಯಾಯಿತಿ ಕೈಗೆ ಸಿಗಬೇಕಾದರೆ: ಜಿಎಸ್‌ಪಿ ಬಳಸುವವರಿಗೆ ಹಂತ ಹಂತದ ದಾರಿ

ಒಂದು ಹತ್ತಿಯ ಟೀ-ಶರ್ಟ್ ಯುರೋಪಿಯನ್ ಒಕ್ಕೂಟದ ಬಂದರಿಗೆ ಬಂದು ಇಳಿಯಿತು ಅಂದುಕೊಳ್ಳಿ. ಮಾಮೂಲಿ ಆಮದು ಸುಂಕ ಶೇ. 12. ಹಿಂದುಳಿದ, ಬೆಳೆಯುತ್ತಿರುವ ದೇಶಗಳ ಸಾಮಾನಿಗೆ ಆಮದು ಮಾಡುವ ದೇಶ ಸುಂಕ ಇಳಿಸುವ ಯೋಜನೆಗೆ ಜಿಎಸ್‌ಪಿ ಎನ್ನುತ್ತಾರೆ. ಅದೇ ಟೀ-ಶರ್ಟ್ ಸಾಧಾರಣ ಜಿಎಸ್‌ಪಿ ರಿಯಾಯಿತಿ ಇರುವ ದೇಶದ್ದಾದರೆ ಶೇ. 9.6. ಅತಿ ಹಿಂದುಳಿದ ದೇಶದ್ದಾದರೆ ಸೊನ್ನೆ. ನೂಲು ಒಂದೇ, ಹೊಲಿಗೆ ಒಂದೇ, ಬೆಲೆಯೂ ಒಂದೇ ಇರಬಹುದು. ಸುಂಕ ಬದಲಾಗುವುದು "ಇದು ಯಾವ ದೇಶದ್ದು?" ಅನ್ನುವ ಒಂದೇ ಪ್ರಶ್ನೆಗೆ ನೀವು ಕೊಡುವ ಉತ್ತರದಿಂದ.

ಆ ಉತ್ತರ ತೀರ್ಮಾನವಾಗುವುದು ಕಂಟೇನರ್ ತುಂಬುವ ದಿನ ಅಲ್ಲ. ಕಚ್ಚಾ ಮಾಲು ಕೊಳ್ಳುವ ದಿನ. ಮಾಲು ತಯಾರಾಗಿ, ಪ್ಯಾಕ್ ಆಗಿ, ಹಡಗಿನಲ್ಲಿ ಜಾಗ ಬುಕ್ ಆದ ಮೇಲೆ "ಜಿಎಸ್‌ಪಿ ಸಿಗುತ್ತಾ ನೋಡಿ" ಎಂದು ಕೇಳುವವರು ತುಂಬಾ ಜನ. ಅಷ್ಟು ಹೊತ್ತಿಗೆ ನೋಡಲು ಏನೂ ಉಳಿದಿರುವುದಿಲ್ಲ. ಹಾಗಾಗಿ ಕೆಳಗಿನ ಹಂತಗಳನ್ನು ಆರ್ಡರ್ ಒಪ್ಪಿಕೊಳ್ಳುವ ಮೊದಲೇ ಓದಿಕೊಳ್ಳಿ. ರಫ್ತು ಮಾಡುವವರಿಗೆ ಎಷ್ಟು ಬೇಕೋ, ಹಿಂದುಳಿದ ದೇಶಗಳಿಂದ ತರಿಸುವವರಿಗೂ ಅಷ್ಟೇ ಬೇಕು.

ಮೊದಲು ಒಂದು ಮಾತು: ಇದು ಒಪ್ಪಂದ ಅಲ್ಲ

1964ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯ ಮೊದಲ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನ ನಡೆಯಿತು. ಅದೇ ಮುಂದೆ ಅಂಕ್ಟಾಡ್ ಆಯಿತು. ಅದರ ಮೊದಲ ಮುಖ್ಯಸ್ಥರು ಅರ್ಜೆಂಟೀನಾದ ಅರ್ಥಶಾಸ್ತ್ರಜ್ಞ ರೌಲ್ ಪ್ರೆಬಿಶ್. ಬಡ ದೇಶಗಳು ಬರೀ ಕಚ್ಚಾ ಮಾಲು ಮಾರುತ್ತಾ ಕೂತರೆ ಮೇಲೆ ಬರುವುದಿಲ್ಲ, ಅವರು ತಯಾರಿಸಿದ ಸಾಮಾನಿಗೆ ಶ್ರೀಮಂತ ದೇಶಗಳು ಸುಂಕ ಇಳಿಸಬೇಕು ಅನ್ನುವುದು ಅವರ ವಾದ. 1968ರಲ್ಲಿ ದೆಹಲಿಯಲ್ಲಿ ಸೇರಿದ ಎರಡನೇ ಸಮ್ಮೇಳನ ಇದನ್ನು ಒಪ್ಪಿತು. ಎಲ್ಲ ದೇಶಗಳಿಗೂ ಒಂದೇ ಸುಂಕ ಅನ್ನುವುದು ಗ್ಯಾಟ್ ಎಂಬ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಮೂಲ ನಿಯಮ ಅಲ್ವಾ? ಅದರಿಂದ 1971ರಲ್ಲಿ 10 ವರ್ಷದ ವಿನಾಯಿತಿ ಸಿಕ್ಕಿತು. 1979ರ ತೀರ್ಮಾನ ಅದನ್ನು ಕಾಯಂ ಮಾಡಿತು.

ಈ ಕಥೆ ಹೇಳಿದ್ದಕ್ಕೆ ಕಾರಣ ಇದೆ. ಜಿಎಸ್‌ಪಿ ಎರಡು ಕಡೆಯವರು ಸಹಿ ಹಾಕಿದ ಒಪ್ಪಂದ ಅಲ್ಲ. ಕೊಡುವ ದೇಶ ತಾನಾಗಿಯೇ ಕೊಡುವ ರಿಯಾಯಿತಿ. ಯಾವ ಸಾಮಾನಿಗೆ, ಯಾವ ದೇಶಕ್ಕೆ, ಎಷ್ಟು ದಿನ ಎಂದು ಅವರೇ ಹೇಳುತ್ತಾರೆ. ವಾಪಸ್ ತೆಗೆದುಕೊಳ್ಳುವುದೂ ಅವರೇ. ಇದನ್ನು ಮರೆತು ಐದು ವರ್ಷದ ವ್ಯಾಪಾರದ ಲೆಕ್ಕ ಹಾಕಬೇಡಿ.

ಹಂತ 1: ಯೋಜನೆ ಈಗ ಜೀವಂತ ಇದೆಯೇ, ನಿಮ್ಮ ದೇಶ ಅದರಲ್ಲಿದೆಯೇ?

ಯುರೋಪಿನ ಯೋಜನೆ 1971ರಿಂದ ನಡೆದಿದೆ. ಈಗ ಅದರಲ್ಲಿ ಮೂರು ಮೆಟ್ಟಿಲು. ಸಾಧಾರಣ ಜಿಎಸ್‌ಪಿ ಮೊದಲನೆಯದು. ಮಾನವ ಹಕ್ಕು, ಕಾರ್ಮಿಕರ ಹಕ್ಕು, ಪರಿಸರ, ಒಳ್ಳೆಯ ಆಡಳಿತ ಇವುಗಳ ಮೇಲಿನ 27 ಅಂತರರಾಷ್ಟ್ರೀಯ ಒಡಂಬಡಿಕೆಗಳನ್ನು ಒಪ್ಪಿ ನಡೆಸುವ ದೇಶಗಳಿಗೆ ಜಿಎಸ್‌ಪಿ ಪ್ಲಸ್. ಅತಿ ಹಿಂದುಳಿದ ದೇಶಗಳಿಗೆ, ಅಂದರೆ ಎಲ್‌ಡಿಸಿಗಳಿಗೆ, ಶಸ್ತ್ರಾಸ್ತ್ರ ಮದ್ದುಗುಂಡು ಬಿಟ್ಟು ಮಿಕ್ಕಿದ್ದೆಲ್ಲಕ್ಕೂ ಸೊನ್ನೆ ಸುಂಕ. ಇದು 2001ರಲ್ಲಿ ಬಂತು.

ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೆ ತನ್ನದೇ ಯೋಜನೆ ಮಾಡಿಕೊಂಡಿದೆ. ಅದರ ಹೆಸರು ಡಿಸಿಟಿಎಸ್. 2023ರ ಜೂನ್ 19ರಿಂದ ಜಾರಿಯಲ್ಲಿದೆ. ಜಪಾನ್, ಕೆನಡಾ, ಸ್ವಿಟ್ಜರ್ಲೆಂಡ್, ನಾರ್ವೆ, ಆಸ್ಟ್ರೇಲಿಯಾ, ಹೀಗೆ ಇನ್ನೂ ಹಲವರು ಕೊಡುತ್ತಾರೆ. ಬರೀ ಶ್ರೀಮಂತ ದೇಶಗಳಷ್ಟೇ ಅಲ್ಲ. ಭಾರತ 2008ರಿಂದ ಎಲ್‌ಡಿಸಿಗಳಿಗೆ ಸುಂಕ ರಿಯಾಯಿತಿ ಕೊಡುತ್ತಿದೆ. ಚೀನಾವೂ ಕೊಡುತ್ತದೆ.

ಅಮೆರಿಕದ ಜಿಎಸ್‌ಪಿ 1976ರ ಜನವರಿ 1ರಂದು ಶುರುವಾಯಿತು. ಅದು 2020ರ ಡಿಸೆಂಬರ್ 31ಕ್ಕೆ ಅವಧಿ ಮುಗಿದು ನಿಂತಿತು. ಭಾರತವನ್ನು ಅದಕ್ಕೂ ಮೊದಲೇ, 2019ರ ಜೂನ್ 5ರಂದು, ಪಟ್ಟಿಯಿಂದ ತೆಗೆದಿದ್ದರು. ಹಳೆಯ ಪುಸ್ತಕ, ಹಳೆಯ ಪಟ್ಟಿ ನೋಡಿಕೊಂಡು ಬೆಲೆ ಹೇಳಿದರೆ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ದೇಶಗಳು ಪಟ್ಟಿಯಿಂದ ಹೊರಗೆ ಹೋಗುವ ದಾರಿ ಒಂದೆರಡಲ್ಲ. ಆದಾಯ ಜಾಸ್ತಿಯಾದರೆ ಹೋಗುತ್ತವೆ. ಯುರೋಪಿನಲ್ಲಿ ವಿಶ್ವಬ್ಯಾಂಕಿನ ಲೆಕ್ಕದ ಪ್ರಕಾರ ಮೂರು ವರ್ಷ ಸತತವಾಗಿ ಮೇಲು-ಮಧ್ಯಮ ಆದಾಯದಲ್ಲಿದ್ದರೆ ರಿಯಾಯಿತಿ ನಿಲ್ಲುತ್ತದೆ. ಯುರೋಪಿನ ಜೊತೆ ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಂಡರೂ ನಿಲ್ಲುತ್ತದೆ. ವಿಯೆಟ್ನಾಂ 2020ರ ಆಗಸ್ಟ್‌ನಲ್ಲಿ ಇಂಥ ಒಪ್ಪಂದ ಜಾರಿಗೆ ತಂತು, 2022ರ ಕೊನೆಗೆ ಅದರ ಜಿಎಸ್‌ಪಿ ಮುಗಿಯಿತು. ಹಕ್ಕುಗಳ ಉಲ್ಲಂಘನೆ ಇನ್ನೊಂದು ಕಾರಣ. ಶ್ರೀಲಂಕಾ 2010ರಲ್ಲಿ ಜಿಎಸ್‌ಪಿ ಪ್ಲಸ್ ಕಳೆದುಕೊಂಡು 2017ರಲ್ಲಿ ಮತ್ತೆ ಪಡೆಯಿತು. ಕಾಂಬೋಡಿಯಾ 2020ರ ಆಗಸ್ಟ್‌ನಲ್ಲಿ ಕೆಲವು ಸಾಮಾನುಗಳ ಮೇಲಿನ ಸೊನ್ನೆ ಸುಂಕ ಕಳೆದುಕೊಂಡಿತು. ಸಾಧಾರಣವಾಗಿ ಇಂಥ ಬದಲಾವಣೆಗೆ ಮುಂಚೆ ನೋಟಿಸ್ ಬರುತ್ತದೆ. ನೋಟಿಸ್ ಓದುವವರು ನಿಮ್ಮ ಕಚೇರಿಯಲ್ಲಿ ಒಬ್ಬರಾದರೂ ಇರಬೇಕು.

ಹಂತ 2: ಎಚ್‌ಎಸ್ ಕೋಡ್ ಗಟ್ಟಿ ಮಾಡಿಕೊಳ್ಳಿ

ಯಾವ ಸಾಮಾನು ಎಂದು ಗುರುತಿಸಲು ಕಸ್ಟಮ್ಸ್ ಬಳಸುವ ಅಂಕಿಯೇ ಎಚ್‌ಎಸ್ ಕೋಡ್. ಅದರ ಮೊದಲ 6 ಅಂಕಿ ಎಲ್ಲ ಕಡೆ ಒಂದೇ. ಆಮೇಲಿನ ಅಂಕಿಗಳು ಒಂದೊಂದು ದೇಶದಲ್ಲಿ ಒಂದೊಂದು ಥರ. ಅಮೆರಿಕದಲ್ಲಿ ಒಟ್ಟು 10, ಯುರೋಪಿನ ಆಮದಿಗೂ 10. ನಿಮ್ಮ ರಫ್ತು ಕಾಗದದಲ್ಲಿರುವ ಕೋಡನ್ನೇ ಕಣ್ಣುಮುಚ್ಚಿ ಆ ಕಡೆ ಬಳಸಬೇಡಿ.

ಬಟ್ಟೆಯಲ್ಲೇ ನೋಡಿ. ಹೆಣೆದ ಬಟ್ಟೆಯ ಟೀ-ಶರ್ಟ್ 61ನೇ ಅಧ್ಯಾಯ (ಕೋಡಿನ ಮೊದಲ ಎರಡು ಅಂಕಿ), ಶೀರ್ಷಿಕೆ (ಮೊದಲ ನಾಲ್ಕು ಅಂಕಿ) 6109. ನೇಯ್ದ ಬಟ್ಟೆಯ ಗಂಡಸರ ಅಂಗಿ 62ನೇ ಅಧ್ಯಾಯ, ಶೀರ್ಷಿಕೆ 6205. ಬಟ್ಟೆಯ ಒಂದು ಚೂರನ್ನು ಭೂತಗನ್ನಡಿಯಲ್ಲಿ ಹಿಡಿದು ನೋಡಿದರೆ ಕುಣಿಕೆ ಕಾಣುತ್ತಾ, ಅಡ್ಡ-ಉದ್ದ ದಾರ ಕಾಣುತ್ತಾ ಅನ್ನುವುದರ ಮೇಲೆ ಕೋಡ್ ಬದಲಾಗುತ್ತದೆ. ಕೋಡ್ ಬದಲಾದರೆ ಸುಂಕ ಬದಲಾಗಬಹುದು. ಅದಕ್ಕಿಂತ ಮುಖ್ಯವಾಗಿ, ಮೂಲದ ನಿಯಮವೂ, ಅಂದರೆ ಸಾಮಾನು ಯಾವ ದೇಶದ್ದು ಎಂದು ತೀರ್ಮಾನಿಸುವ ನಿಯಮವೂ, ಬದಲಾಗಬಹುದು. ಅನುಮಾನ ಇದ್ದರೆ ಆಮದುದಾರರ ಮೂಲಕ ಆ ದೇಶದ ಕಸ್ಟಮ್ಸ್‌ನಿಂದ ಮುಂಗಡ ತೀರ್ಪು ತೆಗೆದುಕೊಳ್ಳಿ. ಯುರೋಪಿನಲ್ಲಿ ಅಂಥ ತೀರ್ಪು 3 ವರ್ಷ ನಡೆಯುತ್ತದೆ.

ಹಂತ 3: ರಿಯಾಯಿತಿ ನಿಜಕ್ಕೂ ಎಷ್ಟು?

ದೇಶ ಪಟ್ಟಿಯಲ್ಲಿದ್ದರೆ ಸಾಲದು, ಸಾಮಾನೂ ಇರಬೇಕು. ದೇಶ ಇದ್ದೂ ಅದರ ಒಂದು ವಿಭಾಗದ ಸಾಮಾನುಗಳು ಮಾತ್ರ ಹೊರಗೆ ಹೋಗಿರಬಹುದು. ಆ ವಿಭಾಗದಲ್ಲಿ ಅವರು ಆಗಲೇ ಪೈಪೋಟಿಗೆ ಗಟ್ಟಿಯಾಗಿದ್ದಾರೆ ಅನ್ನುವುದು ಅದಕ್ಕೆ ಕೊಡುವ ಕಾರಣ. ಈ ಕೆಲಸದವರು ಇದನ್ನು ಗ್ರಾಜುಯೇಷನ್ ಎನ್ನುತ್ತಾರೆ.

ಯುರೋಪಿನ ಸಾಧಾರಣ ಜಿಎಸ್‌ಪಿಯಲ್ಲಿ ಸಾಮಾನುಗಳು ಎರಡು ಥರ. ಸೂಕ್ಷ್ಮವಲ್ಲದ ಸಾಮಾನಿಗೆ ಸುಂಕ ಸೊನ್ನೆ. ಸೂಕ್ಷ್ಮ ಸಾಮಾನಿಗೆ, ಅಂದರೆ ಯುರೋಪಿನ ಸ್ವಂತ ಉದ್ಯಮಕ್ಕೆ ಪೈಪೋಟಿ ಕೊಡಬಲ್ಲ ಸಾಮಾನಿಗೆ, ಬೆಲೆಯ ಮೇಲಿನ ಸುಂಕದಲ್ಲಿ 3.5 ಅಂಶ ಕಡಿತ. ಶೇ. 6 ಇದ್ದದ್ದು ಶೇ. 2.5 ಆಗುತ್ತದೆ. ಜವಳಿ ಮತ್ತು ಉಡುಪಿಗೆ ಲೆಕ್ಕ ಬೇರೆ, ಇರುವ ಸುಂಕದಲ್ಲೇ ಶೇ. 20 ಕಡಿತ. 12ರಲ್ಲಿ ಶೇ. 20 ಅಂದರೆ 2.4, ಅದಕ್ಕೇ ಆ ಟೀ-ಶರ್ಟಿಗೆ 9.6. ಕಡಿತದ ನಂತರ ಉಳಿಯುವುದು ಶೇ. 1 ಅಥವಾ ಅದಕ್ಕಿಂತ ಕಡಿಮೆ ಆದರೆ ಅದನ್ನೂ ಬಿಟ್ಟುಬಿಡುತ್ತಾರೆ. ಯುರೋಪಿನ ಸುಂಕ ನೋಡಲು ಆಕ್ಸೆಸ್ ಟು ಮಾರ್ಕೆಟ್ಸ್ ಎಂಬ ಸರ್ಕಾರಿ ತಾಣ ಇದೆ, ಉಚಿತ. ಅಮೆರಿಕದ ಸುಂಕದ ಪುಸ್ತಕದಲ್ಲಿ 'ಸ್ಪೆಷಲ್' ಅನ್ನುವ ಕಾಲಂ ನೋಡಬೇಕು.

ಈಗ ವ್ಯತ್ಯಾಸವನ್ನು ಹಣದಲ್ಲಿ ಬರೆಯಿರಿ. ಮಾಮೂಲಿ ಸುಂಕವೇ ಶೇ. 1.5 ಇರುವ ಸಾಮಾನಿಗೆ ದಾಖಲೆ ಜೋಡಿಸುವ ಖರ್ಚೇ ಜಾಸ್ತಿ ಆಗಬಹುದು. ಅಂಥಲ್ಲಿ ಬಿಟ್ಟುಬಿಡಿ, ತಪ್ಪಿಲ್ಲ. ವ್ಯತ್ಯಾಸ ದೊಡ್ಡದಿದ್ದರೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಈ ದುಡ್ಡು ಯಾರ ಜೇಬಿಗೆ? ಸುಂಕ ಕಟ್ಟುವವರು ಆಮದುದಾರರು. ಉಳಿತಾಯವೂ ಅವರದೇ. ಮೂಲದ ನಿಯಮ ಪಾಲಿಸಲು ಜಾಸ್ತಿ ಬೆಲೆಯ ಸ್ಥಳೀಯ ಮಾಲು ಕೊಂಡವರು ನೀವು. ಬೆಲೆ ಮಾತಾಡುವಾಗ ಸುಮ್ನೆ ಕೂತರೆ ಖರ್ಚು ನಿಮ್ಮದು, ಲಾಭ ಅವರದು ಆಗುತ್ತದೆ. ಸುಂಕದ ಅಂಕಿ ಮೇಜಿನ ಮೇಲಿಟ್ಟು ಪಾಲು ಕೇಳಿ.

ಹಂತ 4: ಮೂಲದ ಲೆಕ್ಕ

ಇಲ್ಲೇ ಹೆಚ್ಚು ಜನ ಎಡವುವುದು. ನಿಧಾನವಾಗಿ ಹೋಗೋಣ.

ಮಾಲು ನಿಮ್ಮ ದೇಶದಿಂದ ಹೊರಟರೆ ಅದು ನಿಮ್ಮ ದೇಶದ್ದಾಗುವುದಿಲ್ಲ. ನಿಮ್ಮ ನೆಲದಲ್ಲೇ ಬೆಳೆದದ್ದು, ಅಗೆದದ್ದು, ಹುಟ್ಟಿ ಬೆಳೆದ ಪ್ರಾಣಿಯಿಂದ ಬಂದದ್ದು ಪೂರ್ತಿ ನಿಮ್ಮದು, ಅದರಲ್ಲಿ ಗೊಂದಲ ಇಲ್ಲ. ಹೊರಗಿನ ಮಾಲು ಸೇರಿದರೆ ಅದರ ಮೇಲೆ ಸಾಕಷ್ಟು ಕೆಲಸ ಆಗಿರಬೇಕು. ತೊಳೆಯುವುದು, ಬೇರ್ಪಡಿಸುವುದು, ಲೇಬಲ್ ಹಚ್ಚುವುದು, ಪ್ಯಾಕ್ ಮಾಡುವುದು, ಇಸ್ತ್ರಿ ಹಾಕುವುದು ಇವೆಲ್ಲ ಸಾಕಷ್ಟು ಕೆಲಸ ಅಲ್ಲ. ಎಷ್ಟೇ ಜನ ಎಷ್ಟೇ ದಿನ ಮಾಡಿದರೂ ಅಲ್ಲ.

'ಸಾಕಷ್ಟು' ಅನ್ನುವುದನ್ನು ಒಂದೊಂದು ದೇಶ ಒಂದೊಂದು ರೀತಿ ಅಳೆಯುತ್ತದೆ. ಒಂದು ಹಿತ್ತಾಳೆಯ ಮೇಜಿನ ದೀಪ ತೆಗೆದುಕೊಳ್ಳೋಣ. ಕಾರ್ಖಾನೆಯ ಬಾಗಿಲಲ್ಲಿ ಬೆಲೆ 100 ಡಾಲರ್. ಅದರ ಒಳಗೆ ಏನಿದೆ? ಹೊರದೇಶದಿಂದ ತಂದ ಹಿತ್ತಾಳೆ ಹಾಳೆ, ವೈರು, ಸ್ವಿಚ್ಚು 45 ಡಾಲರ್. ಸ್ಥಳೀಯವಾಗಿ ತಯಾರಾದ ಗಾಜಿನ ಬುರುಡೆ 14. ದೀಪ ಮಾಡಿದ ಕೆಲಸಗಾರರ ಕೂಲಿ 12. ಅಚ್ಚಿನ ಸವಕಳಿ ಮತ್ತು ತಪಾಸಣೆ 5. ಕಚೇರಿ ಮತ್ತು ಮಾರಾಟದ ಖರ್ಚು 9. ಲಾಭ 15.

ಮೇಲ್ನೋಟಕ್ಕೆ 45 ಹೊರಗಿನದು, 55 ನಮ್ಮದು. ಆದರೆ ಅಮೆರಿಕದ ಜಿಎಸ್‌ಪಿಯ ನಿಯಮ ಹೀಗೆ ಎಣಿಸುವುದಿಲ್ಲ. ಅದು ಕೇಳುವುದು ಬೆಲೆಯ ಶೇ. 35. ಸ್ಥಳೀಯ ಸಾಮಗ್ರಿಯ ಬೆಲೆ ಮತ್ತು ತಯಾರಿಕೆಯ ನೇರ ಖರ್ಚು, ಇವೆರಡನ್ನು ಮಾತ್ರ ಕೂಡಬೇಕು. ಕೂಲಿ ಬರುತ್ತದೆ, ಅಚ್ಚಿನ ಸವಕಳಿ ಬರುತ್ತದೆ, ತಪಾಸಣೆಯೂ ಬರುತ್ತದೆ. ಕಚೇರಿ ಖರ್ಚು ಬರುವುದಿಲ್ಲ, ಲಾಭವೂ ಬರುವುದಿಲ್ಲ. 14, 12, 5 ಕೂಡಿದರೆ 31. ದೀಪ ಫೇಲ್. ಈಗ 6 ಡಾಲರಿನ ವೈರು-ಸ್ವಿಚ್ಚನ್ನು ಸ್ಥಳೀಯ ಕಾರ್ಖಾನೆಯಲ್ಲಿ ತಯಾರಾದದ್ದೇ ಕೊಂಡರೆ 37. ದೀಪ ಪಾಸ್. ನೋಡಿ, ಇಡೀ ದೀಪದ ಹಣೆಬರಹ ಒಂದು ಸ್ವಿಚ್ಚು ಎಲ್ಲಿಂದ ಬಂತು ಅನ್ನುವುದರಲ್ಲಿತ್ತು. ಆ ಸ್ವಿಚ್ಚಿನ ಆರ್ಡರ್ ಹೋದ ದಿನ ಈ ಲೆಕ್ಕ ಹಾಕಿರಬೇಕಿತ್ತು.

ಯುರೋಪಿನ ಮೌಲ್ಯದ ನಿಯಮ ಇದನ್ನು ತಿರುವಿ ಹಾಕುತ್ತದೆ. ಹೊರಗಿನ ಸಾಮಗ್ರಿ ಕಾರ್ಖಾನೆ ಬೆಲೆಯ ಇಷ್ಟು ಭಾಗ ಮೀರಬಾರದು ಎನ್ನುತ್ತದೆ. ಎಲ್‌ಡಿಸಿಗಳಿಗೆ ಹಲವು ಸಾಮಾನುಗಳಲ್ಲಿ ಈ ಮಿತಿ ಶೇ. 70, ಬೇರೆಯವರಿಗೆ ಎಷ್ಟೋ ಕಡೆ ಶೇ. 50. ಇಲ್ಲಿ ಲಾಭ ಮತ್ತು ಕಚೇರಿ ಖರ್ಚು ನಿಮ್ಮ ಪರವಾಗಿ ನಿಲ್ಲುತ್ತವೆ, ಯಾಕೆಂದರೆ ಅವೂ ಕಾರ್ಖಾನೆ ಬೆಲೆಯೊಳಗೆ ಇವೆ. ಶೇ. 50ರ ಮಿತಿ ಇಟ್ಟು ನೋಡಿದರೂ ನಮ್ಮ ದೀಪದ 45 ಒಳಗೇ ಇದೆ. ಅಂದರೆ ಅಲ್ಲಿ ಫೇಲಾದ ದೀಪ ಇಲ್ಲಿ ಪಾಸ್. ಬ್ರಿಟನ್ ಎಲ್‌ಡಿಸಿಗಳಿಗೆ ಇನ್ನೂ ಸಡಿಲ ಬಿಟ್ಟಿದೆ, ಹಲವು ಸಾಮಾನುಗಳಿಗೆ ಶೇ. 25 ಸ್ಥಳೀಯ ಪಾಲು ಇದ್ದರೆ ಸಾಕು.

ಹೊರಗಿನ ಸಾಮಗ್ರಿಯೂ ಕೆಲವೊಮ್ಮೆ ಸ್ಥಳೀಯ ಎಂದು ಎಣಿಕೆಗೆ ಬರುತ್ತದೆ. ಇದಕ್ಕೆ ಅಮೆರಿಕದಲ್ಲಿ 1985ರ ಒಂದು ಪ್ರಸಿದ್ಧ ತೀರ್ಪು ಇದೆ. ಪೋರ್ಚುಗಲ್ಲಿನಲ್ಲಿ ತಯಾರಾದ ಹೊಲಿಗೆ ಯಂತ್ರದ ಸೂಜಿಗಳ ವಿಷಯ. ಆಗ ಪೋರ್ಚುಗಲ್ ಜಿಎಸ್‌ಪಿ ಪಟ್ಟಿಯಲ್ಲಿತ್ತು. ತಂತಿ ಹೊರದೇಶದ್ದು. ಆ ತಂತಿಯನ್ನು ಮೊದಲು ಕತ್ತರಿಸಿ, ಒಂದು ತುದಿ ಸಣ್ಣಗೆ ಮಾಡಿ, ಸೂಜಿಯ ಅರೆ-ರೂಪಕ್ಕೆ ತರುತ್ತಿದ್ದರು. ಆಮೇಲೆ ಅದಕ್ಕೆ ಕಣ್ಣು ಕೊರೆದು, ಚೂಪು ಮಾಡಿ ಸೂಜಿ ಮಾಡುತ್ತಿದ್ದರು. ತಂತಿ ಒಂದು ಸಾಮಾನು, ಅರೆ-ಸೂಜಿ ಇನ್ನೊಂದು, ಸೂಜಿ ಮೂರನೆಯದು, ಅಂದರೆ ಎರಡು ಸಲ ನಿಜವಾದ ಬದಲಾವಣೆ ಆಗಿದೆ ಎಂದು ನ್ಯಾಯಾಲಯ ಒಪ್ಪಿತು. ಹೀಗಾಗಿ ತಂತಿಯ ಬೆಲೆಯೂ ಶೇ. 35ರ ಲೆಕ್ಕಕ್ಕೆ ಸೇರಿತು. ನಿಮ್ಮ ತಯಾರಿಕೆಯಲ್ಲಿ ನಡುವೆ ಇಂಥ ಒಂದು ಮಾರಬಹುದಾದ ಅರೆ-ಸಾಮಾನು ಇದ್ದರೆ ಅದರ ಫೋಟೊ, ಹೆಸರು, ಬೆಲೆ ದಾಖಲೆಯಲ್ಲಿ ಇಡಿ. ತುಂಬಾ ಬೆಲೆಬಾಳುವ ದಾಖಲೆ ಅದು.

ಉಡುಪಿಗೆ ಯುರೋಪು ಶೇಕಡಾ ಲೆಕ್ಕಕ್ಕಿಂತ ಕೆಲಸದ ಹಂತ ನೋಡುತ್ತದೆ. 2011ರಿಂದ ಎಲ್‌ಡಿಸಿಗಳಿಗೆ ಹೊಲಿಗೆ ಒಂದೇ ಸಾಕು. ಬಟ್ಟೆ ಎಲ್ಲಿಂದಾದರೂ ಬರಲಿ, ಕತ್ತರಿಸಿ ಹೊಲಿದರೆ ಆಯಿತು. ಬೇರೆ ದೇಶಗಳು ಬಟ್ಟೆ ನೇಯುವ ಅಥವಾ ಹೆಣೆಯುವ ಕೆಲಸವನ್ನೂ ಮಾಡಿರಬೇಕು. ಬಟ್ಟೆ ಹೊರಗಿಂದ ತರಿಸಿ ಹೊಲಿಗೆ ಮಾತ್ರ ಮಾಡುವ ಘಟಕಕ್ಕೆ ಈ ವ್ಯತ್ಯಾಸ ಅಳಿವು-ಉಳಿವಿನ ಮಾತು.

ಒಂದು ಕಿಟಕಿ ತೆರೆದಿದೆ. ಯುರೋಪಿನ ನಿಯಮದಲ್ಲಿ ದೇಶಗಳನ್ನು ಗುಂಪು ಮಾಡಿದ್ದಾರೆ. ದಕ್ಷಿಣ ಏಷ್ಯಾದ ಬಾಂಗ್ಲಾದೇಶ, ಭೂತಾನ್, ಭಾರತ, ಮಾಲ್ಡೀವ್ಸ್, ನೇಪಾಳ, ಪಾಕಿಸ್ತಾನ, ಶ್ರೀಲಂಕಾ ಒಂದು ಗುಂಪು. ಈ ಗುಂಪಿನಲ್ಲಿ ಜಿಎಸ್‌ಪಿ ಇರುವ ಒಂದು ದೇಶದ ಮೂಲದ ಬಟ್ಟೆಯನ್ನು ಇನ್ನೊಂದು ದೇಶ ತನ್ನದೇ ಎಂದು ಎಣಿಸಿ ಹೊಲಿಯಬಹುದು. ಯುರೋಪಿನಿಂದಲೇ ತಂದ ಬಟ್ಟೆಗೂ ಇದೇ ಸೌಲಭ್ಯ ಇದೆ. ಆದರೆ ಬಟ್ಟೆ ಕೊಟ್ಟವರಿಂದ ಮೂಲದ ಪುರಾವೆ ಬರಲೇಬೇಕು. ಫೋನಿನಲ್ಲಿ ಹೇಳಿದ ಮಾತು ಕಸ್ಟಮ್ಸ್ ಮುಂದೆ ನಡೆಯುವುದಿಲ್ಲ.

ಹಂತ 5: ಪುರಾವೆಯ ಕಾಗದ

ಹಿಂದೆ ಬಹಳ ಕಡೆ ಫಾರ್ಮ್ ಎ ಎಂಬ ಪ್ರಮಾಣಪತ್ರ ಬೇಕಿತ್ತು. ಸರ್ಕಾರ ಒಪ್ಪಿದ ಸಂಸ್ಥೆ ಮುದ್ರೆ ಹಾಕಿ ಕೊಡುತ್ತಿತ್ತು. ಜಪಾನಿನಂಥ ಕಡೆ ಈಗಲೂ ಅದು ನಡೆಯುತ್ತದೆ. ಯುರೋಪು 2017ರಿಂದ ರೆಕ್ಸ್ ಎಂಬ ನೋಂದಣಿ ವ್ಯವಸ್ಥೆ ತಂದಿತು. ಇದರಲ್ಲಿ ರಫ್ತುದಾರರೇ ಒಮ್ಮೆ ನೋಂದಾಯಿಸಿಕೊಂಡು, ಇನ್‌ವಾಯ್ಸ್ ಮೇಲೆ ಮೂಲದ ಹೇಳಿಕೆ ಬರೆಯುತ್ತಾರೆ. ಮಾಲಿನ ಬೆಲೆ 6,000 ಯೂರೋ ಒಳಗಿದ್ದರೆ ನೋಂದಣಿ ಇಲ್ಲದವರೂ ಬರೆಯಬಹುದು.

ಹೇಳಿಕೆಯ ಪಠ್ಯವನ್ನು ನಿಯಮದಲ್ಲೇ ಕೊಟ್ಟಿದ್ದಾರೆ. ಇಂಗ್ಲಿಷ್, ಫ್ರೆಂಚ್ ಅಥವಾ ಸ್ಪ್ಯಾನಿಷ್ ಭಾಷೆಯಲ್ಲಿ ಇರಬೇಕು. ಒಂದು ಪದವನ್ನೂ ನಿಮ್ಮ ಇಷ್ಟಕ್ಕೆ ಬದಲಿಸಬೇಡಿ. ಕೊನೆಯಲ್ಲಿ ಮೂಲದ ಗುರುತು ಬರುತ್ತದೆ. ಪೂರ್ತಿ ನಿಮ್ಮದೇ ಆದ ಸಾಮಾನಿಗೆ 'ಪಿ' ಅಕ್ಷರ. ಹೊರಗಿನ ಸಾಮಗ್ರಿಯಿಂದ ತಯಾರಿಸಿದ್ದಕ್ಕೆ 'ಡಬ್ಲ್ಯೂ' ಮತ್ತು ಅದರ ಮುಂದೆ ನಾಲ್ಕಂಕಿಯ ಶೀರ್ಷಿಕೆ, ಟೀ-ಶರ್ಟ್ ಆದರೆ 6109. ಈ ಹೇಳಿಕೆ ಬರೆದ ದಿನದಿಂದ 12 ತಿಂಗಳು ನಡೆಯುತ್ತದೆ.

ಬರೆಯುವುದು ಸುಲಭ ಆಗಿದೆ, ಹೊಣೆ ಮಾತ್ರ ಭಾರ ಆಗಿದೆ. ಮೊದಲು ಮುದ್ರೆ ಹಾಕುವವರು ಒಮ್ಮೆ ಕಾಗದ ನೋಡುತ್ತಿದ್ದರು. ಈಗ ತಪ್ಪು ಹಿಡಿಯುವವರು ನಿಮ್ಮ ಕಚೇರಿಯಲ್ಲೇ ಇರಬೇಕು.

ಹಂತ 6: ಸಾಗಣೆ

ಮಾಲು ನೇರವಾಗಿ ಹೋಗಬೇಕು. ನಡುವೆ ಇನ್ನೊಂದು ಬಂದರಿನಲ್ಲಿ ಹಡಗು ಬದಲಾದರೆ ತೊಂದರೆ ಇಲ್ಲ, ಮಾಲು ಅಲ್ಲಿನ ಕಸ್ಟಮ್ಸ್ ಕಣ್ಗಾವಲಿನಲ್ಲೇ ಇರಬೇಕು, ಅದರ ಮೇಲೆ ಕೆಲಸ ಆಗಬಾರದು. ಕೆನಡಾಕ್ಕೆ ಕೊನೆಯ ಬಂದರಿನವರೆಗಿನ ಒಂದೇ ಬಿಲ್ ಆಫ್ ಲೇಡಿಂಗ್ (ಹಡಗಿನವರು ಕೊಡುವ ಸರಕು ರಸೀದಿ) ಬೇಕು. ಎರಡು ತುಂಡಾಗಿ ಬಿಲ್ ಮಾಡಿಸಿದರೆ ಬಾಕಿ ಎಲ್ಲ ಸರಿ ಇದ್ದೂ ರಿಯಾಯಿತಿ ಹೋಗಬಹುದು. ಬುಕಿಂಗ್ ಮಾಡುವವರಿಗೆ ಇದನ್ನು ಮೊದಲೇ ಹೇಳಿ.

ಹಂತ 7: ಕೇಳಿ ಪಡೆಯುವುದು, ಆಮೇಲೆ ಕಾಯುವುದು

ರಿಯಾಯಿತಿ ತಾನಾಗಿ ಬರುವುದಿಲ್ಲ. ಆಮದುದಾರರ ಕಸ್ಟಮ್ಸ್ ಏಜೆಂಟ್ ಘೋಷಣೆಯಲ್ಲಿ ಸರಿಯಾದ ಗುರುತು ಹಾಕಿ ಕೇಳಬೇಕು. ಅಮೆರಿಕದ ಜಿಎಸ್‌ಪಿಗೆ ಕೋಡಿನ ಮುಂದೆ 'ಎ' ಅಕ್ಷರ ಹಾಕುತ್ತಾರೆ. ಇಲ್ಲಿ ಒಂದು ಉಪಯೋಗದ ವಿಷಯ ಇದೆ. ಆ ಯೋಜನೆ 2013ರ ಜುಲೈ 31ಕ್ಕೆ ನಿಂತು 2015ರ ಜೂನ್‌ನಲ್ಲಿ ಮತ್ತೆ ಬಂತು. 2017ರ ಕೊನೆಗೆ ನಿಂತು 2018ರ ಮಾರ್ಚ್‌ನಲ್ಲಿ ಬಂತು. ಎರಡೂ ಸಲ ಹಿಂದಿನ ದಿನಾಂಕದಿಂದಲೇ ಜಾರಿ ಮಾಡಿ, ಕಟ್ಟಿದ ಸುಂಕ ವಾಪಸ್ ಕೊಟ್ಟರು. ಸುಂಕ ಕಟ್ಟುತ್ತಲೇ ಗುರುತನ್ನೂ ಹಾಕುತ್ತಾ ಬಂದವರಿಗೆ ವಾಪಸಾತಿ ಸಲೀಸಾಯಿತು. ಯೋಜನೆ ನಿಂತಿರುವಾಗಲೂ ಗುರುತು ಹಾಕಿಸಿ, ದಾಖಲೆ ಇಡಿ ಎಂದು ನಾನು ಹೇಳುವುದು ಇದಕ್ಕೇ. ಮತ್ತೆ ಬಂದೇ ಬರುತ್ತದೆ ಎಂಬ ಭರವಸೆ ಅಲ್ಲ ಇದು, ಬಂದರೆ ಕೈ ತಪ್ಪದಿರಲಿ ಅಂತ.

ಮಾಲು ಹೊರಗೆ ಹೋದ ಮೇಲೂ ಕೆಲಸ ಮುಗಿದಿಲ್ಲ. ಯುರೋಪಿನ ಕಸ್ಟಮ್ಸ್ 3 ವರ್ಷದವರೆಗೆ ಹಿಂದೆ ಹೋಗಿ ಸುಂಕ ಕೇಳಬಹುದು. ಅನುಮಾನ ಬಂದರೆ ನಿಮ್ಮ ದೇಶದ ಅಧಿಕಾರಿಗಳಿಗೆ ಪತ್ರ ಬರೆಯುತ್ತಾರೆ, ಉತ್ತರಕ್ಕೆ 6 ತಿಂಗಳು ಕೊಡುತ್ತಾರೆ. ಅಧಿಕಾರಿಗಳು ನಿಮ್ಮ ಬಾಗಿಲಿಗೆ ಬರುತ್ತಾರೆ. ಆಗ ಕೈಯಲ್ಲಿ ಇರಬೇಕಾದದ್ದು ಕಚ್ಚಾ ಮಾಲಿನ ಇನ್‌ವಾಯ್ಸ್, ಆಮದಿನ ಕಾಗದ, ದಾಸ್ತಾನು ಪುಸ್ತಕ, ಉತ್ಪಾದನೆ ದಾಖಲೆ, ಕೂಲಿ ಪಟ್ಟಿ, ಬೆಲೆ ವಿವರದ ಹಾಳೆ. ರಫ್ತುದಾರರು ಕಡಿಮೆ ಅಂದರೂ 3 ವರ್ಷ ಇವನ್ನು ಇಡಬೇಕು. ನಾನು 5 ವರ್ಷ ಇಡಿ ಎನ್ನುತ್ತೇನೆ.

ನಾನು ನೋಡಿದ ಒಂದು ಕಡತದಲ್ಲಿ ಲೆಕ್ಕ ಸರಿ ಇತ್ತು, ತಯಾರಿಕೆ ಸರಿ ಇತ್ತು. ಆದರೆ ಬಟ್ಟೆ ಕೊಂಡ ಬಿಲ್ ಅದೇ ಮನೆಯವರ ಇನ್ನೊಂದು ಸಂಸ್ಥೆಯ ಹೆಸರಲ್ಲಿತ್ತು. ಆ ಬಟ್ಟೆ ಈ ಕಾರ್ಖಾನೆಗೆ ಬಂತು ಎಂದು ತೋರಿಸುವ ಒಂದು ಚೀಟಿಯೂ ಇರಲಿಲ್ಲ. ತಿಂಗಳುಗಟ್ಟಲೆ ಪತ್ರ ಓಡಾಡಿತು. ಒಂದು ಸಾದಾ ವರ್ಗಾವಣೆ ಚೀಟಿ ಇದ್ದಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತಿತ್ತು. ಅದಕ್ಕೇ ಒಂದೊಂದು ಕಂಟೇನರಿಗೂ ಒಂದೊಂದು ಫೈಲು ಮಾಡಿ, ಮಾಲು ಹೊರಡುವ ಮುಂಚೆ ಅದನ್ನು ಮುಚ್ಚಿ ಇಡಿ.

ಇನ್ನು ಕರಾರು. ರಿಯಾಯಿತಿ ನಡುವೆ ನಿಂತರೆ ಹೆಚ್ಚುವರಿ ಸುಂಕ ಯಾರದು? ಪರಿಶೀಲನೆಯಲ್ಲಿ ಮೂಲ ತಿರಸ್ಕಾರ ಆದರೆ ಯಾರದು? ಮೊದಲನೆಯದು ನಿಮ್ಮ ಕೈಯಲ್ಲಿಲ್ಲ, ಆಮದುದಾರರು ಹೊರಲಿ ಅಥವಾ ಅರ್ಧ ಅರ್ಧ ಆಗಲಿ. ಎರಡನೆಯದು ನಿಮ್ಮ ಹೇಳಿಕೆಯ ತಪ್ಪಿನಿಂದ ಆದರೆ ನೀವೇ ಹೊರಬೇಕಾಗುತ್ತದೆ. ಈ ಎರಡನ್ನೂ ಬೇರೆ ಬೇರೆ ಷರತ್ತಾಗಿ ಬರೆಸಿ, ಸಹಿ ಆದ ಮೇಲೆ ಕಚ್ಚಾ ಮಾಲಿಗೆ ಆರ್ಡರ್ ಕೊಡಿ.